ಹಿರಿಯರು ಇಳಿಸಿಟ್ಟದ್ದನ್ನು ನಾವು ಎತ್ತಿಕೊಳ್ಳಬಹುದೇ?



ನವೆಂಬರ್ ಮೃತರನ್ನು ನೆನೆಯುವ ತಿಂಗಳು. ಎರಡನೆಯ ತಾರೀಖಿಗೆ ವಾರವಿರುವಾಗಲೇ ನಾವು ಯುವಜನರು ಸಮಾಧಿ ಸ್ಥಳಕ್ಕೆ ಹೋಗಿ ಜಾಲಿ ಕಡಿದು, ಹುಲ್ಲು ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿಯುವುದು ವಾಡಿಕೆ. ಹೋದ ವರ್ಷ ಹೀಗೆ ಸುಣ್ಣ ಬಳಿಯುವಾಗ ಐದನೆಯ ತರಗತಿಯ ಹುಡುಗನೊಬ್ಬ ತನ್ನ ಮುತ್ತಜ್ಜಿಯ ಕಲ್ಲಿನ ಮುಂದೆ ಕೂತು ಹೆಸರು ಓದಲು ಹೆಣಗುತ್ತಿದ್ದ. ಶಾಲೆಯಲ್ಲಿ ಅವನದು ತೆಲುಗು. ನ, ರ, ಮ ಬಂದವು. ಕ, ತ ಬಂದಲ್ಲಿ ನಿಂತುಬಿಟ್ಟ. ಮನೆಯಲ್ಲಿ ಕನ್ನಡವನ್ನೇ ಆಡುವ ಮಗು, ತನ್ನ ಮನೆಯ ಹಿರಿಯಳ ಹೆಸರನ್ನು ನಾವು ಹೇಳಿಕೊಟ್ಟ ಮೇಲೆ ಓದಿತು.

ಇದರಲ್ಲಿ ಆ ಮಗುವಿನ ತಪ್ಪೇನೂ ಇಲ್ಲ. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದಿನಿಂದ ನೇಮಕಲ್ಲು ಸುತ್ತಿನ ನಮ್ಮ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಶಾಲೆ ಕಚೇರಿಗಳ ಮಾತು ತೆಲುಗು. ನಮ್ಮ ಧರ್ಮಕ್ಷೇತ್ರದಲ್ಲಿ ಬಹುಪಾಲು ಬಲಿಪೂಜೆ ತೆಲುಗಿನಲ್ಲಿ ನಡೆಯುತ್ತದೆ. ನಾವು ಕೆಲವೇ ಕುಟುಂಬಗಳು ಕನ್ನಡದ ಹಾಡುಪುಸ್ತಕ ಹಿಡಿದು ಕೂರುವವರು. ಕಲ್ಲಿನ ಮೇಲಿನ ಅಕ್ಷರವೇ ಮಕ್ಕಳಿಗೆ ಅಪರಿಚಿತವಾದರೆ ಕಲ್ಲಿನ ಕೆಳಗೆ ಮಲಗಿದವರು ಎಷ್ಟು ದಿನ ಪರಿಚಿತರಾಗಿ ಉಳಿದಾರು ಎಂಬ ಚಿಂತೆ ನಮಗೆ ಹತ್ತಿತು.

ಅದಕ್ಕಾಗಿ ಈ ವರ್ಷ ಒಂದು ಕೆಲಸ ಕೈಗೆತ್ತಿಕೊಂಡೆವು. ಪ್ರತಿ ಮನೆಯ ಮೃತರ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಆ ಮನೆಯ ಹಿರಿಯರನ್ನು ನೆನಪಿಸುವ ಒಂದು ಚಿತ್ರವನ್ನು ಅಚ್ಚು ಹಾಕಿ, ಸಕಲ ಮೃತ ವಿಶ್ವಾಸಿಗಳ ದಿನದಂದು ದೇವಾಲಯದ ಗೋಡೆಗೆ ಹಾಕುವುದು. ಫ್ಲೆಕ್ಸ್ ಮಾಡಿಸಿದರೆ ಅರ್ಧ ದಿನದ ಕೆಲಸ. ಆದರೆ ಫ್ಲೆಕ್ಸಿಗೆ ಫೋಟೋ ಬೇಕು. ನಮ್ಮ ಹಿರಿಯರಲ್ಲಿ ಮುಕ್ಕಾಲು ಪಾಲು ಜನ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋದವರು. ಹಾಗಾಗಿ ಕೈಯಿಂದ ಕೊರೆದು ಅಚ್ಚು ಹಾಕುವ ಲಿನೋ ವಿಧಾನವನ್ನು ಆರಿಸಿಕೊಂಡೆವು. ಲಿನೋ ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಚಿಕ್ಕ ಉಳಿಯಿಂದ ಕೊರೆದು, ರೋಲರಿನಿಂದ ಶಾಯಿ ಹಚ್ಚಿ, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತದೆ. ಕೊರೆದು ತೆಗೆದ ಭಾಗ ಬೆಳ್ಳಗೆ ಉಳಿಯುತ್ತದೆ, ಬಿಟ್ಟ ಭಾಗ ಕಪ್ಪಾಗುತ್ತದೆ. ಎಲ್ಲವೂ ಎಡಬಲ ತಿರುಗಿ ಬೀಳುತ್ತದೆ ಎಂಬುದು ಮೊದಲ ದಿನ ಯಾರಿಗೂ ನೆನಪಾಗಲಿಲ್ಲ. ಹೆಸರುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಾ ಮುರುಗಾ ಬಂದವು. ನಕ್ಕು, ಮತ್ತೆ ಕೊರೆದೆವು.

ಒಬ್ಬರು ಕುಡುಗೋಲು ಕೊರೆದರು. ಒಬ್ಬರು ಶೇಂಗಾ ಗಿಡವನ್ನು ಬೇರು ಕಾಯಿ ಸಮೇತ ಕೊರೆದರು. ಒಬ್ಬಳು ತನ್ನ ಅಜ್ಜಿಯ ಕೌದಿಯ ಹೊಲಿಗೆಯ ಸಾಲುಗಳನ್ನು ಕೊರೆದಳು. ಇನ್ನೊಬ್ಬಳು ಹಲಗೆ ಕೊರೆದಳು. ತೆಲುಗಿನವರು ಡಪ್ಪು ಎನ್ನುವ, ಮೈಸೂರು ಕಡೆಯವರು ತಮಟೆ ಎನ್ನುವ ಚರ್ಮವಾದ್ಯ. ಆಕೆಯ ಮುತ್ತಾತ ಅದನ್ನು ಬಾರಿಸುತ್ತಿದ್ದರಂತೆ. ಚಿತ್ರ ಚೆನ್ನಾಗಿ ಬಂದಿತ್ತು. ದುಂಡನೆಯ ಕಪ್ಪು, ಅದರ ಮೇಲೆ ಎರಡು ಕೈ.

ಒಣಗಲು ಹಾಕಿದ್ದ ಆ ಹಾಳೆಯನ್ನು ನಮ್ಮ ಧರ್ಮಕೇಂದ್ರದಲ್ಲಿ ಬಹಳ ವರ್ಷ ಉಪದೇಶಿಯಾಗಿದ್ದ ತಾತ ಒಬ್ಬರು ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಯಾರವ್ವಾ ಇದನ್ನ ಮಾಡಿದ್ದು?" ಎಂದರು. ಹುಡುಗಿ ಹೆಮ್ಮೆಯಿಂದಲೇ ಮುಂದೆ ಬಂದಳು.

"ನಮ್ಮಪ್ಪನೂ ನಿಮ್ಮ ಮುತ್ತಾತನೂ ಜೊತೆಗೆ ಬಡೀತಿದ್ದರು. ಸಂತೋಷಕ್ಕೆ ಬಡಿದದ್ದಲ್ಲವ್ವಾ. ಹೆಣ ಎದ್ದರೂ ಹೋಗಬೇಕು, ಜಾತ್ರೆ ಆದರೂ ಹೋಗಬೇಕು. ಜ್ವರ ಬಂದಿದೆ ಅನ್ನೋ ಹಾಗಿಲ್ಲ. ಕೊಟ್ಟಷ್ಟು ಇಸ್ಕೊಂಡು ದೂರ ಕೂತು ಉಣ್ಣಬೇಕು. ಜ್ಞಾನಸ್ನಾನ ತಗೊಂಡ ವರ್ಷ ಇಬ್ಬರೂ ಅದನ್ನ ಗೂಟಕ್ಕೆ ತಗಲಾಕಿದರು. ಆಮೇಲೆ ಎಷ್ಟೋ ದಿನ ಅವರನ್ನ ಕೂಲಿಗೆ ಯಾರೂ ಕರೀಲಿಲ್ಲ. ಅದನ್ನ ಈಗ ನೀವು ತಂದು ಗುಡಿಯಾಗೆ ತಗಲಾಕ್ತೀರಾ?"

ಹುಡುಗಿಯ ಕಣ್ಣು ತುಂಬಿತು. ಆದರೂ ಉತ್ತರ ಕೊಟ್ಟಳು. "ತಾತಾ, ನಮ್ಮ ಮುತ್ತಾತನ ಫೋಟೋ ಇಲ್ಲ. ಅವರದ್ದು ಅಂತ ನಮ್ಮನೇಲಿ ಕೇಳಿರೋದು ಇದೊಂದೇ. ಇದನ್ನೂ ಬಿಟ್ಟರೆ ಅವರನ್ನ ನಾನು ಏನಂತ ನೆನೆಸಲಿ?"

ಆ ದಿನ ಕೆಲಸ ಅಲ್ಲಿಗೇ ನಿಂತಿತು. ಇಬ್ಬರ ಮಾತೂ ಸರಿ ಎಂದು ನಮಗೆ ಅನಿಸಿದ್ದರಿಂದ ಯಾರ ಪರವಾಗಿಯೂ ಬಾಯಿ ತೆರೆಯಲಾಗಲಿಲ್ಲ. ನಮ್ಮ ಹಿರಿಯರು ಒಂದು ಕಾಲದಲ್ಲಿ ಹಿಡಿದದ್ದನ್ನು ನಾವು ಗೌರವಿಸಬೇಕೋ, ಅವರು ಕೆಳಗಿಟ್ಟದ್ದನ್ನು ಗೌರವಿಸಬೇಕೋ? ಹಿಡಿದವರೂ ಇಟ್ಟವರೂ ಒಬ್ಬರೇ ಆಗಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ನೇಮಕಲ್ಲಿನಲ್ಲಿ ಹುಟ್ಟಿದ್ದಲ್ಲ ಎಂಬುದು ಆಮೇಲೆ ನಮಗೆ ತಿಳಿಯಿತು.

ಅಚ್ಚಿನ ಕೆಲಸಕ್ಕೆ ಮಾದರಿ ಹುಡುಕುವಾಗ ನಮಗೆ ಸಿಕ್ಕಿದ್ದು ಆಫ್ರಿಕಾದ ನೈಜೀರಿಯಾದ ಕಲಾವಿದ ಬ್ರೂಸ್ ಒನೊಬ್ರಾಕ್ಪೇಯ ಅವರ ಶಿಲುಬೆಯ ಹಾದಿಯ ಹದಿನಾಲ್ಕು ಲಿನೋ ಚಿತ್ರಗಳು. ಒನೊಬ್ರಾಕ್ಪೇಯ ಹುಟ್ಟಿದ್ದು 1932ರಲ್ಲಿ, ಉರ್ಹೊಬೊ ಎಂಬ ಜನಾಂಗದಲ್ಲಿ. ಬಾಳಿದ್ದು, ಕೆಲಸ ಮಾಡಿದ್ದು ಯೊರುಬಾ ಜನರ ನಾಡಾದ ಲಾಗೋಸಿನಲ್ಲಿ. ಅಲ್ಲಿನ ಕಥೋಲಿಕ ಶಾಲೆಯೊಂದರಲ್ಲಿ ಚಿತ್ರಕಲೆಯ ಅಧ್ಯಾಪಕರಾಗಿದ್ದರು. 1960ರ ದಶಕದಲ್ಲಿ ಲಾಗೋಸಿನ ಎಬೂಟೆ ಮೆಟ್ಟಾದ ಸಂತ ಪೌಲರ ದೇವಾಲಯಕ್ಕೆ ಶಿಲುಬೆಯ ಹಾದಿಯನ್ನು ಚಿತ್ರಿಸಿ, ಬಳಿಕ ಅದನ್ನೇ ಲಿನೋದಲ್ಲಿ ಕೊರೆದರು. ಅದರಲ್ಲಿ ಯೇಸುಸ್ವಾಮಿ ಆಫ್ರಿಕಾದವರು, ಅಳುವ ಹೆಂಗಸರು ಅಲ್ಲಿನ ಹೆಂಗಸರು. ಇದೇ ಕೈ 1968ರಲ್ಲಿ ಬೇರೊಂದು ಕೆಲಸವನ್ನೂ ಮಾಡಿತು. ಫಾಗುನ್ವಾ ಎಂಬವರು ಯೊರುಬಾ ಭಾಷೆಯಲ್ಲಿ ಬರೆದಿದ್ದ, ಕಾಡಿನ ಭೂತಗಣಗಳ ಕಥೆಯುಳ್ಳ ಕಾದಂಬರಿಯನ್ನು ವೊಲೆ ಶೊಯಿಂಕಾ ಇಂಗ್ಲಿಷಿಗೆ ತಂದಾಗ ಅದಕ್ಕೆ ಚಿತ್ರ ಬರೆದವರೂ ಇವರೇ. ಹಿರಿಯರ ಕಥೆಗಳ ಭೂತಗಳನ್ನು ಬರೆದ ಕೈ ಕ್ರಿಸ್ತನನ್ನೂ ಬರೆಯಿತು.

ಯೊರುಬಾ ಜನರಿಗೆ ಮೃತ ಹಿರಿಯರು ದೂರದವರಲ್ಲ. ಎಗುಂಗುನ್ ಎಂಬ ಆಚರಣೆಯಲ್ಲಿ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿದ ಭಾರಿ ವೇಷ ತೊಟ್ಟು ಕುಣಿಯುತ್ತಾರೆ. ಸತ್ತ ಹಿರಿಯರೇ ಆ ವೇಷದಲ್ಲಿ ಮನೆಗೆ ಬಂದು ಹರಸುತ್ತಾರೆ ಎಂದು ನಂಬುತ್ತಾರೆ. ಮುಂದಿನ ತಲೆಮಾರಿನವರು ಅದೇ ವೇಷದ ಮೇಲೆ ಹೊಸ ಪದರ ಹೊಲಿಯುತ್ತಾರೆ. ಈ ನಂಬಿಕೆ ಅಲ್ಲಿ ಇಂದಿಗೂ ಜೀವಂತ. ಒಷೊಗ್ಬೊ ಎಂಬ ಊರಿನ ಒಷುನ್ ನದಿದೇವತೆಯ ಕಾಡನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1960ರ ದಶಕದ ಮೊದಲಲ್ಲಿ ಅದೇ ಊರಿನಲ್ಲಿ ನಡೆದ ಕಲಾ ಶಿಬಿರಗಳಿಂದ ಟ್ವಿನ್ಸ್ ಸೆವೆನ್ ಸೆವೆನ್ ಮುಂತಾದವರು ಬಂದರು. ಅವರ ಅಚ್ಚುಚಿತ್ರಗಳ ತುಂಬ ಯೊರುಬಾ ದೇವತೆಗಳು, ಭೂತಗಳು, ಸತ್ತು ಮತ್ತೆ ಹುಟ್ಟುವ ಮಕ್ಕಳು.

ಇಂಥ ನಾಡಿನಲ್ಲಿ 1947ರಲ್ಲಿ ಇಬ್ಬರು ಕಥೋಲಿಕ ಗುರುಗಳು, ಕೆವಿನ್ ಕ್ಯಾರೊಲ್ ಮತ್ತು ಷಾನ್ ಓಮಾಹನಿ, ಒಯೆ ಎಕಿಟಿ ಎಂಬ ಊರಿನಲ್ಲಿ ಕಾರ್ಯಾಗಾರವೊಂದನ್ನು ತೆರೆದರು. ಹಳೆಯ ಪೂಜಾಸ್ಥಳಗಳಿಗೂ ಅರಮನೆಗಳಿಗೂ ಮರ ಕೆತ್ತುತ್ತಿದ್ದ ಯೊರುಬಾ ಶಿಲ್ಪಿಗಳನ್ನು ಕರೆದು, ಅದೇ ಕೈಚಳಕದಿಂದ ದೇವಾಲಯದ ಬಾಗಿಲುಗಳನ್ನು, ಗೋದಲಿಯ ಗೊಂಬೆಗಳನ್ನು ಕೆತ್ತಿಸಿದರು. ಮೂಡಣದ ಮೂವರು ರಾಯರು ಯೊರುಬಾ ಅರಸರ ವೇಷದಲ್ಲಿ ಬಾಲಯೇಸುವಿನ ಮುಂದೆ ಬಂದರು. ಅಲ್ಲಿ ಕೆಲಸ ಮಾಡಿದ ಹೆಸರಾಂತ ಶಿಲ್ಪಿಗಳಲ್ಲಿ ಒಬ್ಬರಾದ ಲಮಿಡಿ ಫಾಕೆಯೆ ಮುಸಲ್ಮಾನರು. ಅವರ ಮನೆತನದಲ್ಲಿ ತಲೆತಲಾಂತರದಿಂದ ಮರ ಕೆತ್ತುವುದೇ ಕಸುಬು. ಇಬಾಡಾನ್ ವಿಶ್ವವಿದ್ಯಾಲಯದ ಕಥೋಲಿಕ ಪ್ರಾರ್ಥನಾಲಯದ ಬಾಗಿಲು ಕೆತ್ತಿದವರು ಅವರೇ.

ಇದನ್ನು ಓದಿದಾಗ ನಮಗೆ, "ನೋಡಿ, ಅಲ್ಲಿ ಮಾಡಿದ್ದಾರೆ, ನಾವೂ ಮಾಡಬಹುದು" ಎಂದು ಗೆದ್ದಷ್ಟು ಸಂತೋಷವಾಯಿತು. ಆದರೆ ಕಥೆಯ ಇನ್ನೊಂದು ಮಗ್ಗುಲೂ ಇತ್ತು. ಈ ಕೆಲಸ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಒಪ್ಪದವರಲ್ಲಿ ಬಿಳಿಯ ಮಿಷನರಿಗಳಷ್ಟೇ ಅಲ್ಲ, ಯೊರುಬಾ ಕ್ರೈಸ್ತರೂ ಇದ್ದರು. ನಾವು ಬಿಟ್ಟು ಬಂದದ್ದನ್ನು ದೇವಾಲಯದ ಬಾಗಿಲಿಗೇ ಏಕೆ ತಂದಿರಿ ಎಂಬುದು ಅವರ ಪ್ರಶ್ನೆ. ಅದರಲ್ಲಿ ನಮಗೆ ಕೇಳಿಸಿದ್ದು ನಮ್ಮ ತಾತನ ದನಿ. ಹೊರಗಿನಿಂದ ಬಂದವರಿಗೆ ಅಲ್ಲಿ ಕಲೆ ಕಾಣುತ್ತದೆ. ಒಳಗಿನಿಂದ ಎದ್ದು ಬಂದವರಿಗೆ ಆ ಗುರುತಿನ ಜೊತೆ ಭಯ, ಅವಮಾನ, ಬಿಟ್ಟು ಬರಲು ಕೊಟ್ಟ ಬೆಲೆ ಎಲ್ಲವೂ ನೆನಪಾಗುತ್ತವೆ. ಅವರನ್ನು ಕಲೆ ತಿಳಿಯದವರು ಎಂದು ತಳ್ಳಿಹಾಕುವುದು ಅನ್ಯಾಯ.

ಹಾಗಾದರೆ ಧರ್ಮಸಭೆ ಏನು ಹೇಳುತ್ತದೆ? ಮೂರ್ತಿ, ಚಿತ್ರಗಳ ವಿಷಯದಲ್ಲಿ 787ರ ಎರಡನೆಯ ನಿಸೇಯಾ ಮಹಾಸಭೆ ಒಂದು ಗೆರೆ ಎಳೆದಿದೆ. ಆರಾಧನೆ ದೇವರಿಗೆ ಮಾತ್ರ. ಸಂತರಿಗೆ, ಅವರ ಚಿತ್ರಗಳಿಗೆ ಸಲ್ಲುವುದು ಗೌರವ. ಹಿರಿಯರ ವಿಷಯದಲ್ಲಿ ಇದೇ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸಲು ಧರ್ಮಸಭೆಗೂ ಬಹಳ ಕಾಲ ಹಿಡಿಯಿತು. ಚೀನಾದ ಕಥೋಲಿಕರು ಮನೆಯಲ್ಲಿ ಹಿರಿಯರ ಹೆಸರಿನ ಫಲಕವಿಟ್ಟು ತಲೆಬಾಗಬಹುದೇ ಎಂಬ ವಾದ ನೂರಕ್ಕೂ ಹೆಚ್ಚು ವರ್ಷ ನಡೆಯಿತು. 1742ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. 1939ರ ಡಿಸೆಂಬರಿನಲ್ಲಿ, ಹನ್ನೆರಡನೆಯ ಪಿಯುಸರ ಕಾಲದಲ್ಲಿ, ರೋಮ್ ಅದನ್ನು ಮತ್ತೆ ಪರಿಶೀಲಿಸಿ, ಮೃತರಿಗೆ ತೋರುವ ಅಂಥ ಗೌರವಕ್ಕೆ ಅವಕಾಶ ಕೊಟ್ಟಿತು. ಸುಮಾರು ಇನ್ನೂರು ವರ್ಷ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಿರಿಯರ ಹೆಸರನ್ನು ಗೋಡೆಯಿಂದ ಇಳಿಸಿ ಅತ್ತಿರಬಹುದು! ನಾವು ಒಂದು ಸಂಜೆಯಲ್ಲಿ ತೀರ್ಮಾನ ಮಾಡಲಾಗದೆ ಕೂತದ್ದಕ್ಕೆ ನಾಚಬೇಕಾಗಿಲ್ಲ ಎನಿಸಿತು.

ಶ್ರೀಗ್ರಂಥವನ್ನು ತೆರೆದರೆ ಅಲ್ಲಿಯೂ ಎರಡೂ ದಾರಿಗಳಿವೆ. ಅಬ್ರಹಾಮನಿಗೆ ದೇವರು ಮೊದಲು ಹೇಳಿದ್ದೇ ತಂದೆಯ ಮನೆಯನ್ನು ಬಿಟ್ಟು ಹೊರಡು ಎಂಬುದಾಗಿ. ಅವನ ತಂದೆ ತೇರಹ ಬೇರೆ ದೇವರುಗಳನ್ನು ಪೂಜಿಸುತ್ತಿದ್ದನೆಂದು ಯೆಹೋಶುವನ ಗ್ರಂಥ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಮ್ಮ ವಿಶ್ವಾಸದ ಪಿತಾಮಹ ಎಂದರೆ ಬಿಟ್ಟು ಹೊರಟವನು. ಹಾಗೆ ನೋಡಿದರೆ ಗೂಟಕ್ಕೆ ಹಲಗೆ ತಗಲಿಹಾಕಿದ ನಮ್ಮ ಹಿರಿಯರು ಅಬ್ರಹಾಮನ ನಿಜವಾದ ಮಕ್ಕಳು. ಆದರೆ ಸಂತ ಮತ್ತಾಯರು ಯೇಸುಸ್ವಾಮಿಯ ವಂಶಾವಳಿಯನ್ನು ಬರೆಯುವಾಗ ಅನ್ಯಜನರನ್ನೂ ಸೇರಿಸಿದರು. ಜೆರಿಕೋವಿನ ವೇಶ್ಯೆ ರಾಹಾಬಳು ಅಲ್ಲಿದ್ದಾಳೆ, ಮೋವಾಬಿನ ಹೆಣ್ಣುಮಗಳು ರೂತಳು ಅಲ್ಲಿದ್ದಾಳೆ. ದೇವಪುತ್ರನ ಪೂರ್ವಜರ ಪಟ್ಟಿಯಲ್ಲಿ ಅನ್ಯಜನರ ಹೆಸರಿರಬಹುದಾದರೆ ನಮ್ಮ ಮನೆಯ ಪಟ್ಟಿಯಿಂದ ನಾವು ಯಾರನ್ನು ಅಳಿಸಬೇಕು?

ನಮಗೆ ಹೆಚ್ಚು ದಾರಿ ತೋರಿಸಿದ್ದು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ. ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ಆಧಾರವಾಗಿ ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕೇಳಿದ ಭಾಗವದು. ಯುದ್ಧದಲ್ಲಿ ಸತ್ತ ತನ್ನ ಸೈನಿಕರನ್ನು ಹೂಳಲು ಯೂದನು ಹೋಗುತ್ತಾನೆ. ನೋಡಿದರೆ ಪ್ರತಿಯೊಬ್ಬನ ಅಂಗಿಯ ಒಳಗೆ ಅನ್ಯದೇವತೆಗಳ ತಾಯಿತ. ಅದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಯೂದನು ಆ ಹೆಣಗಳನ್ನು ಅಲ್ಲೇ ಬಿಟ್ಟು ಬರಲಿಲ್ಲ. ತಾಯಿತಗಳ ಸುದ್ದಿಯನ್ನು ಬಚ್ಚಿಡಲೂ ಇಲ್ಲ. ಹಣ ಸೇರಿಸಿ ಜೆರುಸಲೇಮಿಗೆ ಕಳಿಸಿ, ಅವರಿಗಾಗಿ ಬಲಿಯರ್ಪಿಸಿದನು. ಧರ್ಮೋಪದೇಶದಲ್ಲಿ ನಾವು ಈ ಕಥೆಯ ಕೊನೆಯನ್ನಷ್ಟೇ ಕಲಿತಿದ್ದೆವು, ತಾಯಿತದ ಮಾತನ್ನು ಗಮನಿಸಿರಲಿಲ್ಲ. ಮೃತರಿಗಾಗಿ ಸಲ್ಲಿಸಿದ ಆ ಪ್ರಾರ್ಥನೆ ಕಳಂಕವಿಲ್ಲದ ಹಿರಿಯರಿಗಾಗಿ ಸಲ್ಲಿಸಿದ್ದಲ್ಲ. ಬೇರೆ ದೇವರ ಗುರುತು ಕಟ್ಟಿಕೊಂಡು ಸತ್ತ ತನ್ನವರಿಗಾಗಿ ಸಲ್ಲಿಸಿದ್ದು. ಸತ್ಯವನ್ನು ಮುಚ್ಚಬಾರದು, ತನ್ನವರನ್ನು ಬಿಡಬಾರದು. ಯೂದನು ಎರಡನ್ನೂ ಒಟ್ಟಿಗೆ ಮಾಡಿದನು.

ಹಾಗಂದರೆ ಹಿರಿಯರ ಯಾವ ಗುರುತನ್ನು ಬೇಕಾದರೂ ತಂದು ಗೋಡೆಗೆ ಹಾಕಬಹುದೇ? ಇಲ್ಲ ಎಂದೇ ನಮಗೆ ತೋರುತ್ತದೆ. ಹಾಕುವ ಮೊದಲು ನೋಡಬೇಕಾದದ್ದು ಇದೆ. ಆ ಗುರುತು ಇಂದು ಇನ್ನೊಬ್ಬರ ಜೀವಂತ ಆರಾಧನೆಗೆ ಸೇರಿದ್ದಾದರೆ ಅದನ್ನು ಅಂದಕ್ಕಾಗಿ ಎತ್ತಿಕೊಳ್ಳುವುದು ಅವರಿಗೂ ಅಗೌರವ, ನಮಗೂ ಗೊಂದಲ. ಶ್ರಾವಣ ಬಂದರೆ ಕಸಾಪುರ, ಮುರಡಿ, ನೇಮಕಲ್ಲು ಮೂರೂ ಕಡೆಯ ಆಂಜನೇಯನ ದರ್ಶನ ಒಂದೇ ದಿನದಲ್ಲಿ ಮಾಡಬೇಕೆಂದು ಜನ ನಮ್ಮ ದಾರಿಯಲ್ಲೇ ಹಾದುಹೋಗುತ್ತಾರೆ. ಅವರಲ್ಲಿ ನಮ್ಮ ನೆಂಟರೂ ಇದ್ದಾರೆ. ಅವರ ಭಕ್ತಿ ನಮಗೆ ವಿನ್ಯಾಸದ ಸರಕಲ್ಲ. ಒಷೊಗ್ಬೊದ ಭಕ್ತರಿಗೆ ಒಷುನ್ ಹೇಗೆ ದೇವತೆಯೋ ಹಾಗೆ. ಅವರ ದೇವರನ್ನು ಅವರಿಗೇ ಬಿಟ್ಟು, ಗೌರವದಿಂದ ಪಕ್ಕದಲ್ಲಿ ನಿಲ್ಲುವುದೂ ಒಂದು ಮರ್ಯಾದೆ.

ಆದರೆ ದುಡಿಮೆಯ ಗುರುತುಗಳು ಬೇರೆ. ಇದಕ್ಕೆ ಕನ್ನಡ ನಾಡಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿ ಜನರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಯೊರುಬಾದವರಂತೆ ಪಶ್ಚಿಮದವರಲ್ಲ, ಹೆಚ್ಚಾಗಿ ಪೂರ್ವ ಆಫ್ರಿಕಾದ ಮೂಲದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಹಾಗೆ ಕಥೋಲಿಕರೂ ಇದ್ದಾರೆ. ಮೂರೂ ಧರ್ಮದ ಹೆಂಗಸರು ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವಿಡುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಅದಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಕಥೋಲಿಕ ಹೆಂಗಸರು ಕೆಲವೊಮ್ಮೆ ಅದರ ಮೇಲೆ ಶಿಲುಬೆಯನ್ನೂ ಹೊಲಿಯುತ್ತಾರೆ. ಯೊರುಬಾ ಕಲೆಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂಯಲ್ ಉತ್ತರ ಕನ್ನಡಕ್ಕೆ ಬಂದು ಈ ಕೌದಿಗಳನ್ನು ಕಂಡರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಕಟ್ಟಲು ಕೈಜೋಡಿಸಿದರು.

ಸಿದ್ದಿ ಅಜ್ಜಿ ಮೊಮ್ಮಗುವಿಗೆ ಕೌದಿ ಹೊದಿಸುವಾಗ ಯಾರನ್ನೂ ಆರಾಧಿಸುತ್ತಿಲ್ಲ. ಆದರೆ ಸೂಜಿ ಸುತ್ತುವ ಆ ರೀತಿಯನ್ನು ತನ್ನ ತಾಯಿಯಿಂದ ಕಲಿತಿದ್ದಾಳೆ, ಆ ತಾಯಿ ತನ್ನ ತಾಯಿಯಿಂದ. ಗುಲಾಮರನ್ನು ಮಾಡಿದವರು ಅವರ ಹೆಸರು, ಭಾಷೆ, ಊರು ಎಲ್ಲವನ್ನೂ ಕಿತ್ತುಕೊಂಡರು. ಕೈಗೆ ಬರುವ ಕೆಲಸವನ್ನು ಕಿತ್ತುಕೊಳ್ಳಲಾಗಲಿಲ್ಲ. ಬಿ.ಎಸ್ಸಿ. ಓದುವಾಗ ನಾವು ತಾಯಿಯಿಂದ ಮಕ್ಕಳಿಗೆ ಏನೇನು ಹರಿದು ಬರುತ್ತದೆ ಎಂದು ಪಟ್ಟಿ ಮಾಡಿ ಕಲಿತೆವು. ಹೊಲಿಗೆ ಆ ಪಟ್ಟಿಯಲ್ಲಿರಲಿಲ್ಲ. ಅದು ರಕ್ತದಲ್ಲಿ ಬರುವುದಲ್ಲ, ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರೆ ಮಾತ್ರ ಬರುತ್ತದೆ. ಒಂದು ತಲೆಮಾರು ಕೂರಿಸಿಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಕಲ್ಲಿನ ಮೇಲಿನ ಕನ್ನಡವೂ ಹಾಗೆಯೇ.

ಹಲಗೆ ಮಾತ್ರ ಇವೆರಡರ ನಡುವೆ ನಿಲ್ಲುತ್ತದೆ. ಅದು ದೇವರ ಗುರುತೂ ಅಲ್ಲ, ಬರಿಯ ದುಡಿಮೆಯ ಗುರುತೂ ಅಲ್ಲ. ದೇವತೆಯ ಜಾತ್ರೆಗೂ ಹೆಣದ ಮುಂದೂ ಬಲವಂತದಿಂದ ಹಿಡಿಸಿದ್ದು. ಇಂದು ನಮ್ಮದೇ ಕ್ರಿಸ್ಮಸ್ ಮೆರವಣಿಗೆಯಲ್ಲಿ ತೆಲುಗು ಹಾಡಿಗೆ ಹುಡುಗರು ಡಪ್ಪು ಹಿಡಿದು ಕುಣಿಯುತ್ತಾರೆ. ನಮಗೆ ಅದು ಸಂತೋಷ, ಹೆಮ್ಮೆ. ಯಾರೂ ನಮ್ಮನ್ನು ಕರೆದು ಬಡಿಸಿದ್ದಲ್ಲ. ಆದರೆ ನಮಗೆ ಆ ಸಂತೋಷ ಸಾಧ್ಯವಾದದ್ದು ಯಾರೋ ಒಬ್ಬರು ಅದನ್ನು ಮೊದಲು ಕೆಳಗಿಟ್ಟದ್ದರಿಂದ. ಇಟ್ಟವರ ಕಥೆ ಕೇಳದೆ ನಾವು ಎತ್ತಿಕೊಂಡರೆ ಕಳ್ಳತನ ಮಾಡಿದಂತೆ.

ಎರಡು ಭಾನುವಾರಗಳ ನಂತರ ಹುಡುಗಿ ತಾತನ ಮನೆಗೆ ಹೋದಳು. ನಾವೂ ಜೊತೆಗೆ ಹೋದೆವು. ಕ್ಷಮೆ ಕೇಳಲು ಎಂದು ಹೋದದ್ದು, ಮಾತು ಎರಡು ಗಂಟೆ ನಡೆಯಿತು. ಆಕೆಯ ಮುತ್ತಾತ ಎಡಗೈಯವರಂತೆ. ಹಾಡು ಚೆನ್ನಾಗಿ ಹೇಳುತ್ತಿದ್ದರಂತೆ. ಜ್ಞಾನಸ್ನಾನದ ದಿನ ಹೊಸ ಪಂಚ ಇರಲಿಲ್ಲವೆಂದು ತಾತನ ತಂದೆಯ ಪಂಚ ಉಟ್ಟಿದ್ದರಂತೆ. ಇಷ್ಟನ್ನೂ ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ, ಏಕೆಂದರೆ ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಚಿತ್ರದ ಮೇಲಿನ ಜಗಳ ಇಲ್ಲದಿದ್ದರೆ ಅದು ತಾತನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು.

ಏಳುವಾಗ ತಾತ ಹೇಳಿದರು: "ಬರೀಲೇಬೇಕು ಅಂದರೆ ಬಡಿಯೋದನ್ನ ಬರೀಬೇಡವ್ವಾ. ಇಳಿಸಿಟ್ಟದ್ದನ್ನ ಬರಿ."

ಹುಡುಗಿ ಹೊಸ ಹಾಳೆ ಕೊರೆದಿದ್ದಾಳೆ. ಗೋಡೆಯ ಗೂಟದಲ್ಲಿ ಹಲಗೆ, ಅದರ ಕೆಳಗೆ ಬರಿಗೈ ಎರಡು. ಎಡಗೈ ಸ್ವಲ್ಪ ಮುಂದೆ ಇದೆ. ಲಿನೋದಲ್ಲಿ ತಿರುಗಿ ಬೀಳುತ್ತದೆಂದು ನೆನಪಿಟ್ಟುಕೊಂಡು ಬಲಕ್ಕೆ ಕೊರೆದಿದ್ದಾಳೆ. ಪಕ್ಕದಲ್ಲಿ ಇಬ್ಬರ ಹೆಸರೂ ಕನ್ನಡದಲ್ಲಿದೆ. ಕ, ತ ಓದಲು ಹೆಣಗಿದ್ದ ಹುಡುಗನೇ ಆ ಹೆಸರುಗಳನ್ನು ತಿರುವುಮುರುವಾಗಿ ಗೀಚಿಕೊಟ್ಟವನು.

ತಾತನಿಗೆ ಪೂರ್ತಿ ಸಮಾಧಾನವಾಗಿದೆ ಎಂದು ನಾವು ಹೇಳಲಾರೆವು. ಹಾಳೆ ನೋಡಿ "ಆಯ್ತು" ಎಂದರು, ಅಷ್ಟೇ. ನಮ್ಮಲ್ಲೂ ಕೆಲವರು ಮೊದಲಿನ ಚಿತ್ರವೇ ಚೆನ್ನಾಗಿತ್ತು ಎನ್ನುತ್ತಾರೆ. ಆದರೆ ಕೇಳದೆ ಮಾಡಿದ ಚಿತ್ರಕ್ಕೂ ಕೇಳಿ ಮಾಡಿದ ಚಿತ್ರಕ್ಕೂ ಇರುವ ವ್ಯತ್ಯಾಸ ನಮಗೆಲ್ಲರಿಗೂ ತಿಳಿದಿದೆ. ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ನಾವು ಚಿಕ್ಕಂದಿನಿಂದ ಬಾಯಿಪಾಠ ಹೇಳಿದವರು. ಹಿರಿಯರು ಹಿಡಿದದ್ದನ್ನೆಲ್ಲ ನಾವೂ ಹಿಡಿಯಬೇಕೆಂದು ಅದು ಹೇಳುವುದಿಲ್ಲ. ಅವರು ಬಿಟ್ಟದ್ದನ್ನೆಲ್ಲ ಮರೆಯಬೇಕೆಂದೂ ಹೇಳುವುದಿಲ್ಲ. ಏನು ಹಿಡಿದಿದ್ದರು, ಏಕೆ ಬಿಟ್ಟರು, ಬಿಟ್ಟಾಗ ಏನು ಕಳೆದುಕೊಂಡರು ಎಂದು ತಿಳಿದುಕೊಳ್ಳುವುದೇ ಅವರಿಗೆ ನಾವು ಸಲ್ಲಿಸಬೇಕಾದ ಮೊದಲ ಗೌರವ ಎಂದು ಈಗ ನಮಗೆ ಅನಿಸುತ್ತದೆ. ಎತ್ತಿಕೊಳ್ಳುವುದೋ ಬಿಡುವುದೋ ಆಮೇಲಿನ ಮಾತು.

ನವೆಂಬರ್ ಎರಡರಂದು ಬಲಿಪೂಜೆಯ ನಂತರ ಈ ಹಾಳೆಗಳನ್ನೆಲ್ಲ ನೋಡಲು ತಪ್ಪದೆ ಬನ್ನಿ. ಇನ್ನೂ ಹೆಸರು ಕೊಡದ ಮನೆಯವರು ಮುಂದಿನ ಭಾನುವಾರದೊಳಗೆ ಕೊಡಿ. ಬರುವಾಗ ಹೆಸರಿನ ಜೊತೆಗೆ ಮನೆಯ ಹಿರಿಯರೊಬ್ಬರನ್ನೂ ಕರೆತನ್ನಿ. ನಡೆಯಲಾರದವರಿದ್ದರೆ ಹೇಳಿ ಕಳಿಸಿ, ನಾವೇ ಮನೆಗೆ ಬಂದು ಕೂರುತ್ತೇವೆ. ನಮ್ಮೆಲ್ಲ ಮೃತರಿಗೆ, ವಿಶ್ವಾಸವನ್ನು ಕಂಡು ಕಣ್ಮುಚ್ಚಿದವರಿಗೂ ಕಾಣದೆ ಹೋದವರಿಗೂ, ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.